ಆಯಿಯ ನೇಮ, ನನ್ನ ಮೂರನೆಯ ಸಲ

ಹೋದ ಕಾರ್ತೀಕದಲ್ಲಿ ಬೆಳಗಾವಿಯ ರವಿವಾರ ಪೇಟೆಯಲ್ಲಿ ಅಕ್ಕಿ ಕೊಳ್ಳಲು ನಿಂತಿದ್ದೆ. ಅಂಗಡಿಯವರು ಹೊಸ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ನನ್ನ ಮುಂದೆ ಹಿಡಿದರು. 'ವಾಸನಿ ನೋಡ್ರಿ ಬಾಯಾರ, ಖಾನಾಪುರದ ಕಡೀದು,' ಎಂದರು. ಅಂಬೆಮೋಹರ ಅಕ್ಕಿ. ಅದರ ಮಾವಿನ ಹೂವಿನ ವಾಸನೆ ನಾನು ನಿಂತಲ್ಲಿಗೇ ಬರುತ್ತಿತ್ತು. ನಾನು ಅವರ ಅಂಗೈಯಿಂದ ಒಂದು ಕಾಳು ಎತ್ತಿ ಹಲ್ಲಿನ ನಡುವೆ ಇಟ್ಟು ಕಡಿದೆ. ಕಟ್ ಎಂದಿತು. ಆಮೇಲೆ, ಯಾಕೆಂದು ಗೊತ್ತಿಲ್ಲ, ಎಡಗಡೆ ತಿರುಗಿ ನೋಡಿದೆ. ಅಲ್ಲಿ ಒಂದು ಸ್ಕೂಟರು ನಿಂತಿತ್ತು.

ಆ ವಾಸನೆಯಿಂದ ಎಲ್ಲ ನೆನಪಾಯಿತು ಎಂದು ಬರೆದರೆ ಚೆಂದ ಕಾಣುತ್ತದೆ. ಅಂಗಡಿಯಲ್ಲಿ ನನಗೇನೂ ನೆನಪಾಗಲಿಲ್ಲ. ಅಕ್ಕಿ ಕೊಂಡೆ, ಮನೆಗೆ ಬಂದೆ, ಮರುದಿನದ ಪಾಠಕ್ಕೆ ಚಾರ್ಟು ಬರೆದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎರಡು ದಿನ ಬಿಟ್ಟು ತಂಗಿ ಸುಜಾತಾ ಫೋನಿನಲ್ಲಿ ಸಿಕ್ಕಾಗ, ಅಂಗಡಿಯಲ್ಲಿ ಹೀಗೆ ಮಾಡಿದೆ ನೋಡು ಎಂದೆ. ಅವಳು, 'ಆಯಿ ಕಿವಿ ಹುಡುಕಿದಿ,' ಎಂದಳು. ಹಾಗಾಗಿ ನೆನಪು ಅವಳದು. ನಾನು ಅವಳಿಂದ ಎರವಲು ತಂದು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದು ಎಷ್ಟು, ಅವಳದು ಎಷ್ಟು, ಆಮೇಲೆ ಸೇರಿಕೊಂಡದ್ದು ಎಷ್ಟು ಎಂದು ಬೇರ್ಪಡಿಸುವ ಜರಡಿ ನನ್ನ ಹತ್ತಿರ ಇಲ್ಲ.

ಅದು ಎರಡು ಸಾವಿರದ ಇಸವಿಯ ಮಳೆಗಾಲ. ಡಾಕ್ಟರಕಿ ಓದಲು ಬರೆಯಬೇಕಾದ ಪ್ರವೇಶ ಪರೀಕ್ಷೆ, ಸಿಇಟಿ, ಅದನ್ನು ನಾನು ಎರಡು ಸಲ ಬರೆದು ಮುಗಿಸಿದ್ದೆ. ಮೂರನೆಯ ಸಲ ಬರೆಯಬೇಕೋ ಬೇಡವೋ ಎಂಬುದು ಆ ಮಳೆಗಾಲ ಮುಗಿಯುವುದರೊಳಗೆ ತೀರ್ಮಾನ ಆಗಬೇಕಿತ್ತು. ಬೇರೆಯವರ ಮನೆಯಲ್ಲಾದರೆ ಇದು ಹುಡುಗಿಯ ವಯಸ್ಸು, ಅಪ್ಪನ ತಾಳ್ಮೆ ಇಷ್ಟರಲ್ಲೇ ಮುಗಿಯುವ ವಿಚಾರ. ನಮ್ಮ ಮನೆಯಲ್ಲಿ ಅದಕ್ಕೆ ಆಯಿಯ ಅನ್ನ ಗಂಟು ಬಿದ್ದಿತ್ತು.

ಆಯಿ ಎಂದರೆ ಅಪ್ಪನ ತಾಯಿ. ಖಾನಾಪುರದಲ್ಲಿ ನಮ್ಮದೊಂದು ಸಣ್ಣ ಅಕ್ಕಿ ಗಿರಣಿ ಇತ್ತು. ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ತೌಡಿನ ಪುಡಿ ಕೂತಿರುತ್ತಿತ್ತು. ಸುತ್ತಲಿನ ಹಳ್ಳಿಯವರು ಭತ್ತ ತಂದು ಇಳಿಸಿದರೆ ಮೋಟಾರು ಚಾಲೂ ಮಾಡುವ ಮೊದಲು ಆಯಿ ನೋಡಬೇಕು. ಬಾಗಿಲ ಬಾಜು ಮಣೆ ಹಾಕಿಕೊಂಡು ಕೂತಿರುತ್ತಿದ್ದಳು. ಚೀಲದಿಂದ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದಿ, ಒಂದು ಕಾಳು ಹಲ್ಲಿಗೆ ಇಟ್ಟು ಕಡಿಯುತ್ತಿದ್ದಳು. ಸರಿಯಾಗಿ ಒಣಗಿದ್ದರೆ ಕಾಳು ಕಟ್ಟೆಂದು ಮುರಿಯುತ್ತದೆ. ಹಸಿ ಇದ್ದರೆ ಹಲ್ಲಿಗೆ ಅಂಟಿದಂತೆ ಮಣಿಯುತ್ತದೆ. ಹಸಿ ಭತ್ತ ಗಿರಣಿಗೆ ಹಾಕಿದರೆ ಅಕ್ಕಿ ಬರುವುದಿಲ್ಲ, ನುಚ್ಚು ಬರುತ್ತದೆ. ಇದು ಯಾವ ಗಿರಣಿಯವರಿಗೂ ಗೊತ್ತಿರುವ ಸಂಗತಿ. ಆಯಿಗೆ ಅದನ್ನು ತಾನೇ ಮಾಡಬೇಕೆಂಬ ಹಟ, ಅಷ್ಟೇ.

ಮೊದಲನೆಯ ಸಲ ನನ್ನ ರ್‍ಯಾಂಕು ಬಂದಾಗ, ಅದು ಎಷ್ಟು ದೂರವಿತ್ತೆಂದರೆ ಯಾರಿಗೂ ಬೇಸರ ಕೂಡ ಆಗಲಿಲ್ಲ. ಬೆಳಗಾವಿಯಲ್ಲಿ ಕೋಣೆ ಹಿಡಿದು ಒಂದು ವರ್ಷ ಕ್ಲಾಸಿಗೆ ಹೋಗಲಿ ಎಂದು ಅಪ್ಪ ಹೇಳಿದರು. ಆ ವಾರವೇ ಆಯಿ ಬಸದಿಗೆ ಹೋಗಿ ದೇವರ ಮುಂದೆ ನೇಮ ತೆಗೆದುಕೊಂಡು ಬಂದಳು. ನಮ್ಮ ಜೈನರ ಮನೆಗಳಲ್ಲಿ ನೇಮ ಹೊಸದಲ್ಲ. ಚಾತುರ್ಮಾಸ ಮುಗಿಯುವವರೆಗೆ ಹಸಿರು ಕಾಯಿಪಲ್ಲೆ ಬೇಡ, ವರ್ಷದ ಮಟ್ಟಿಗೆ ಸಕ್ಕರೆ ಬೇಡ ಎಂದು ಹಿರಿಯರು ಬಿಡುತ್ತಲೇ ಇರುತ್ತಾರೆ. ಅದಕ್ಕೊಂದು ಗಡುವು ಇರುತ್ತದೆ. ಆಯಿ ಗಡುವು ಹಾಕಿಕೊಂಡಿರಲಿಲ್ಲ. ಮನೆಗೆ ಬಂದು ಅವ್ವನಿಗೆ ಹೇಳಿದಳಂತೆ: 'ಪದ್ದಿಗೆ ಡಾಕ್ಟರಕಿ ಸೀಟ ಸಿಗೂತನಕಾ ನಾ ಅಕ್ಕಿ ಬಾಯಾಗ ಇಡಂಗಿಲ್ಲ. ನನಗ ಎರಡ ಚಪಾತಿ ಬಡದ ಹಾಕ.'

ಪದ್ದಿ ಎಂದರೆ ನಾನು, ಪದ್ಮಾವತಿ.

ಖಾನಾಪುರದವರಿಗೆ ಇದು ಏನೆಂದು ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ನಮ್ಮ ಕಡೆ ಮುಂಜಾನೆ ಅನ್ನ, ಮಧ್ಯಾಹ್ನ ಅನ್ನ, ಸಂಜೆ ಅನ್ನ. ಜ್ವರ ಬಂದರೆ ಗಂಜಿ. ಆಯಿಗೆ ಮುಂದಿನ ನಾಲ್ಕು ಹಲ್ಲು ಬಿಟ್ಟರೆ ಉಳಿದವು ಇರಲಿಲ್ಲ. ಆ ನಾಲ್ಕೂ ಕಾಳು ಕಡಿಯುವುದಕ್ಕೆ ಸಾಕು, ಚಪಾತಿ ಅಗಿಯುವುದಕ್ಕೆ ಸಾಲವು. ಚಪಾತಿ ಹರಿದು ಬ್ಯಾಳಿಯಲ್ಲಿ, ಅಂದರೆ ಬೇಳೆಸಾರಿನಲ್ಲಿ ನೆನೆಹಾಕಿ, ಮೆತ್ತಗಾಗುವವರೆಗೆ ಕಾಯ್ದು ನುಂಗುತ್ತಿದ್ದಳು. ಅದನ್ನು ನಾನು ಕಣ್ಣಾರೆ ಕಂಡದ್ದು ಕಡಿಮೆ. ಶನಿವಾರ ಕ್ಲಾಸು ಮುಗಿಸಿ ರೈಲಿನಲ್ಲಿ ಊರಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು, ಹೊತ್ತು ಮುಳುಗಿದ ಮೇಲೆ ಅವಳ ಊಟ ಇಲ್ಲ. ಆದರೂ ಆ ಬಟ್ಟಲು, ಆ ನೆನೆದ ಚಪಾತಿ, ಕಾಯುತ್ತಿರುವ ಮುಖ ನನ್ನ ಕಣ್ಣ ಮುಂದೆ ಎಷ್ಟು ಸ್ಪಷ್ಟವಾಗಿದೆಯೆಂದರೆ ನನಗೇ ಅನುಮಾನ ಬರುತ್ತದೆ.

ಅಕ್ಕಿ ಬಾಯಲ್ಲಿ ಇಡುವುದಿಲ್ಲ ಎಂದರೆ ಇಡುವುದಿಲ್ಲ. ಕಾಳು ಕಡಿದು ನೋಡುವುದೂ ನಿಂತಿತು. ಅದಕ್ಕೆ ಅವಳು ದಾರಿ ಹುಡುಕಿದಳು. ನಾನು ಊರಲ್ಲಿದ್ದ ದಿನ ನನ್ನನ್ನು ಬಲಬಾಜು ಕೂಡಿಸಿಕೊಂಡು, ಸಿಪ್ಪೆ ಬಿಡಿಸಿದ ಕಾಳು ನನ್ನ ಕೈಗೆ ಹಾಕಿ, 'ಕಡಿ' ಎನ್ನುತ್ತಿದ್ದಳು. ತನ್ನ ಬಲಗಿವಿ ನನ್ನ ಗಲ್ಲಕ್ಕೆ ಹಚ್ಚುತ್ತಿದ್ದಳು. ನಾನು ಕಡಿಯುತ್ತಿದ್ದೆ. ಅವಳು ಕೇಳುತ್ತಿದ್ದಳು. ಭತ್ತ ತಂದ ರೈತರು ಬೀಡಿ ಆರಿಸಿ ಸುಮ್ಮನೆ ನಿಂತಿರುತ್ತಿದ್ದರು. ನಾನಿಲ್ಲದಾಗ ಸುಜಾತಾ ಕಡಿಯಬೇಕು. ಆಯಿಗೆ ಅವಳ ಮೇಲೆ ವಿಶ್ವಾಸ ಇರಲಿಲ್ಲ. 'ಅದರ ಹಲ್ಲ ಬಾಳ ಚೂಪ ಅದಾವು. ಹಸೀದೂ ಕಟ್ ಅಂತೈತಿ,' ಎನ್ನುತ್ತಿದ್ದಳು. ಸುಜಾತಾ ಇವತ್ತಿಗೂ ಅದನ್ನು ಮರೆತಿಲ್ಲ.

ಎರಡನೆಯ ಸಲದ ರ್‍ಯಾಂಕು ಜೂನಿನಲ್ಲಿ ಬಂತು. ಬೆಳಗಾವಿಯ ಟಿಳಕವಾಡಿಯ ಎಸ್‌ಟಿಡಿ ಬೂತಿನಿಂದ ಅಪ್ಪನಿಗೆ ಹೇಳಿದೆ, ಹೊರಗೆ ಮಳೆ, ಗಾಜಿನ ಬಾಗಿಲ ಮೇಲೆ ನನ್ನ ಉಸಿರು ಮಂಜು ಹಿಡಿದಿತ್ತು. ಹೀಗೆಂದು ನನ್ನ ನೆನಪು. ಸುಜಾತಾ ಹೇಳುವುದು ಬೇರೆ. ನಾನು ಫೋನು ಮಾಡಲೇ ಇಲ್ಲ, ಸಂಜೆ ನೆನೆದುಕೊಂಡು ಮನೆಗೇ ಬಂದು ಗಿರಣಿಯ ಬಾಗಿಲಲ್ಲಿ ನಿಂತೆ, ಅಪ್ಪ ನನ್ನ ಮುಖ ನೋಡಿ ಮೋಟಾರು ಬಂದ್ ಮಾಡಿದರು, ಮೋಟಾರಿನ ಪಟ್ಟಾ, ಆ ರಬ್ಬರಿನ ಬೆಲ್ಟು, ತಿರುಗಿ ತಿರುಗಿ ತಾನೇ ನಿಂತಿತು. ಅವಳದು ನನ್ನದಕ್ಕಿಂತ ಚೆನ್ನಾಗಿದೆ. ಬೂತಿನ ಗಾಜನ್ನು ನಾನು ಬೇರೆ ಯಾವುದೋ ದಿನದಿಂದ ತಂದಿರಬೇಕು.

ಈ ಸಲ ರ್‍ಯಾಂಕು ಬಹಳ ಮುಂದೆ ಬಂದಿತ್ತು. ಆದರೂ ಸೀಟು ಸಿಗುವಷ್ಟು ಮುಂದೆ ಅಲ್ಲ. ದೂರ ಇದ್ದಾಗ ಸುಲಭವಿತ್ತು, ಹತ್ತಿರ ಬಂದದ್ದೇ ತೊಂದರೆಯಾಯಿತು. ಅಪ್ಪ ಲೆಕ್ಕ ಹಾಕಿದರು, ಹೋದ ವರ್ಷ ಅಲ್ಲಿದ್ದವಳು ಈ ವರ್ಷ ಇಲ್ಲಿಗೆ ಬಂದಿದ್ದರೆ ಬರುವ ವರ್ಷ ಎಲ್ಲಿರುತ್ತಾಳೆ ಎಂದು. 'ಇನ್ನೊಂದ ಸಲ ಬರದ ನೋಡು, ಬಾಳ ಸಮೀಪ ಅದಿ,' ಎಂದರು. ಅಪ್ಪ ಬಯ್ಯುವವರಲ್ಲ. ಒತ್ತಾಯ ಮಾಡುವವರೂ ಅಲ್ಲ. ಆ ಮಾತು ಹೇಳುವಾಗ ಅವರ ಕಣ್ಣು ಆಯಿಯ ಮಣೆಯ ಕಡೆ ಹೋಗಿ ಬಂತು, ಅಷ್ಟೇ.

ಬೇಡ ಎಂದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಬಿಎಸ್ಸಿಗೆ ಸೇರಿದ ದಿನ ಆಯಿಯ ನೇಮಕ್ಕೆ ಕೊನೆಯೇ ಇಲ್ಲದಂತಾಗುತ್ತದೆ. ಮತ್ತೆ ಬರೆದರೆ ಇನ್ನೊಂದು ವರ್ಷ. ಬರೆಯದಿದ್ದರೆ ಇರುವಷ್ಟು ಕಾಲ.

ಹಾಗಾಗಿ ನಾನು ಬೆಳಗಾವಿಗೆ ವಾಪಸು ಹೋಗಿ ಅದೇ ಕ್ಲಾಸಿನ ಅದೇ ಹಿಂದಿನ ಬೆಂಚಿನಲ್ಲಿ ಕೂತೆ. ತೀರ್ಮಾನ ಮಾಡಿ ಹೋಗಿದ್ದಲ್ಲ, ಮಾಡದೆ ಇರಲು ಹೋಗಿದ್ದೆ. ಹಿಂದಿನ ಬೆಂಚು ಎರಡನೆಯ, ಮೂರನೆಯ ಸಲದವರದು. ಅಲ್ಲಿ ಬೈಲಹೊಂಗಲದ ಕಡೆಯ ಒಬ್ಬನಿದ್ದ, ನಾಲ್ಕನೆಯ ಸಲ ಬರೆಯುತ್ತಿದ್ದ. ದಪ್ಪ ಮೀಸೆ. ಎಲ್ಲರೂ ಅವನನ್ನು ಕಾಕಾ ಎಂದು ಕರೆಯುತ್ತಿದ್ದೆವು. ಮಾಸ್ತರರು ಪ್ರಶ್ನೆ ಓದಿ ಮುಗಿಸುವ ಮೊದಲೇ ಅವನಿಗೆ ಉತ್ತರ ಗೊತ್ತಿರುತ್ತಿತ್ತು, ಪರೀಕ್ಷೆಯ ದಿನ ಮಾತ್ರ ಗುರುತು ಹಾಕಿದ್ದನ್ನು ಅಳಿಸಿ ಅಳಿಸಿ ಹೊತ್ತು ಕಳೆಯುತ್ತಿದ್ದ. ಬಹಳ ಒಳ್ಳೆಯವನು. ಬೋರ್ಡಿನ ಮೇಲಿನದನ್ನು ನಾನು ಬರೆದುಕೊಳ್ಳದಿದ್ದರೆ ತನ್ನದನ್ನು ಸರಿಸಿ ಕೊಡುತ್ತಿದ್ದ. ಒಂದು ದಿನ ಕೇಳಿದೆ, ಎಷ್ಟು ಸಲ ಅಂತ ಇಟ್ಟುಕೊಂಡಿದ್ದೀರಿ ಎಂದು. ಅವನು ನಕ್ಕು ಹೇಳಿದ: 'ಎರಡನೇ ಸಲ ನಾಚಿಕಿ ಬರ್ತೈತಿ. ಮೂರನೇ ಸಲ ಹಗರ ಅನಸ್ತೈತಿ. ನಾಲ್ಕನೇದಕ್ಕ, ಇದು ಬಿಟ್ರ ಬ್ಯಾರೆ ಏನ ಮಾಡಬೇಕ ಅನ್ನೂದ ಮರತ ಹೋಗ್ತೈತ್ರಿ.' ಅವನು ತಮಾಷೆ ಮಾಡಿದನೆಂದು ಆಗ ಅಂದುಕೊಂಡಿದ್ದೆ.

ಇತ್ತ ಮನೆಯಲ್ಲಿ ಆಯಿಯ ನೇಮ ಬಿಡಿಸುವ ಪ್ರಯತ್ನ ನಡೆದಿತ್ತು. ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರನ್ನು ಅಪ್ಪ ಕೇಳಿಕೊಂಡು ಬಂದರು. ಚಾತುರ್ಮಾಸಕ್ಕೆ ಬಂದಿರುವ ಮುನಿಗಳ ಹತ್ತಿರ ಹೋಗಿ ಹೇಳಿಕೊಂಡರೆ ವಯಸ್ಸಾದವರೆಂದು ಬೇರೆ ಏನಾದರೂ ಸಣ್ಣ ವ್ರತಕ್ಕೆ ಬದಲಿಸಿ ಕೊಡಬಹುದು ಎಂದು ಅವರು ಹೇಳಿದ್ದರು. ಆಯಿ ಒಪ್ಪಲಿಲ್ಲ. 'ಬಿಡಿಸ್ಕೊಂಡ ಬರಾಕ ಅದೇನ ಅಡಾ ಇಟ್ಟ ಬಂಗಾರೇನ?' ಎಂದಳು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಅವ್ವ ಇನ್ನೂ ಸರಳ ದಾರಿ ಹುಡುಕಿದ್ದಳು. ಸೀಟು ಸಿಕ್ಕಿತೆಂದು ಆಯಿಗೆ ಸುಳ್ಳು ಹೇಳಿಬಿಟ್ಟರಾಯಿತು, ಹೇಗೂ ನಾನು ಇರುವುದು ಬೆಳಗಾವಿಯಲ್ಲಿ, ಅವರೇನು ಬಂದು ನೋಡುತ್ತಾರೆಯೇ. ಸ್ವಲ್ಪ ಹೊತ್ತು ನಮಗೆಲ್ಲ ಇದು ಬಹಳ ಒಳ್ಳೆಯ ಉಪಾಯ ಅನಿಸಿತು. ಆಮೇಲೆ ಸುಜಾತಾ ಹೇಳಿದಳು, ಆಯಿ ಮೊದಲ ತುತ್ತು ನುಂಗುವ ಮೊದಲೇ ಗಿರಣಿಗೆ ಬಂದ ಇಪ್ಪತ್ತು ಹಳ್ಳಿಯವರಿಗೆ ಹೇಳಿರುತ್ತಾಳೆ, ಮುಂದಿನ ವಾರ ಅವರೆಲ್ಲ ರೋಗ ತೋರಿಸಲು ಬರುತ್ತಾರೆ ಎಂದು. ಅವ್ವ ನಕ್ಕಳು. ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಶ್ರಾವಣದ ಮೊದಲ ರವಿವಾರ ನಾನು ಊರಲ್ಲಿದ್ದೆ. ಕರೆಂಟು ಇರಲಿಲ್ಲ, ಗಿರಣಿ ನಿಂತಿತ್ತು. ಬಾಗಿಲ ಬೆಳಕಿನಲ್ಲಿ ಕೂತು ಜೀವಶಾಸ್ತ್ರದ ಪುಸ್ತಕ ತೆರೆದಿದ್ದೆ. ಆಯಿ ಬಂದು ಬಾಜು ಕೂತಳು. ಅವಳು ಆಗೆಲ್ಲ ಕೂರುವುದೆಂದರೆ ಒಮ್ಮೆಲೆ ಕೂರುತ್ತಿರಲಿಲ್ಲ, ಗೋಡೆ ಹಿಡಿದು, ಒಂದು ಕಡೆ ವಾಲಿ, ನಿಧಾನಕ್ಕೆ ಇಳಿಯುತ್ತಿದ್ದಳು. ಸೊಂಟನೋವು ಎಂದು ಎಲ್ಲರೂ ತಿಳಿದಿದ್ದೆವು. ಪುಟದ ಮೇಲೆ ಹೆಂಗಸಿನ ಗರ್ಭಕೋಶದ ಚಿತ್ರ ಇತ್ತು. ಆಯಿ ಅದರ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದಳು. ಹೇಳಿದೆ. ಬಹಳ ಹೊತ್ತು ನೋಡಿದಳು. ತನ್ನ ಮೈಯೊಳಗಿನದರ ಚಿತ್ರವನ್ನು ಅವಳು ಅದೇ ಮೊದಲು ನೋಡಿದ್ದಿರಬೇಕು.

'ಇದು ಕೆಳಗ ಜಾರಿದ್ರ?' ಎಂದು ಕೇಳಿದಳು.

ನಾನು ಅವಳ ಕಡೆ ನೋಡಿದೆ. ಅವಳು ಚಿತ್ರದ ಕಡೆಯೇ ನೋಡುತ್ತಿದ್ದಳು.

'ಎಷ್ಟ ದಿವಸಾತ ಆಯಿ?'

'ನಿಮ್ಮ ಕಾಕಾ ಹುಟ್ಟಿದಾಗಿಂದ ಸ್ವಲ್ಪ ಸ್ವಲ್ಪ. ಈಗ ಬಾಳ ಆಗೇತಿ. ಅರಿವಿ ಕಟ್ಟಿಕೊಂಡ ತಿರಗ್ತೀನಿ.'

ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಆಗ ನಲವತ್ತರ ಹತ್ತಿರ. ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ಊರಿನಲ್ಲಿ ಇರುವ ಡಾಕ್ಟರರೆಲ್ಲ ಗಂಡಸರು, ಅವರ ಅಪ್ಪಂದಿರು ನಮ್ಮ ಗಿರಣಿಗೆ ಭತ್ತ ತರುವವರು, ಅವರ ಮುಂದೆ ಹೇಗೆ ಎಂದಳು. ಆಮೇಲೆ ಹಗುರಾಗಿ, ಅದೇನು ದೊಡ್ಡ ಮಾತಲ್ಲ ಎಂಬಂತೆ ಸೇರಿಸಿದಳು: 'ಅದಕ್ಕ ಅಂದೆ, ಮನ್ಯಾಗ ಒಂದ ಹೆಣ್ಣ ಡಾಕ್ಟರ್ ಆಗಲಿ ಅಂತ.'

ನಾನು ಅಲ್ಲಿಯವರೆಗೆ ತಿಳಿದುಕೊಂಡಿದ್ದು, ಮನೆತನದ ಹೆಸರಿಗೆ, ಊರಲ್ಲಿ ಹೇಳಿಕೊಳ್ಳುವುದಕ್ಕೆ ಅವಳಿಗೆ ಡಾಕ್ಟರು ಬೇಕು ಎಂದು. ಸೀಟು ಸಿಕ್ಕರೂ ಐದಾರು ವರ್ಷ ಓದಬೇಕು ಎಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಬೆಳಗಾವಿಯಲ್ಲಿ ಹೆಂಗಸು ಡಾಕ್ಟರುಗಳು ಎಷ್ಟೋ ಮಂದಿ ಇದ್ದಾರೆ ಎಂದು ಹೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. 'ಇದ್ದರ ಇರಲಿ. ಅವರ ನಮ್ಮವರೇನ?' ಎಂದಳು. ಅರ್ಧ ದಿನ ಜಗಳಾಡಿ ಒಪ್ಪಿಸಿದೆ.

ಗುರುವಾರ ನಾನು ಕ್ಲಾಸು ತಪ್ಪಿಸಿದೆ, ಇಬ್ಬರೂ ಬಸ್ಸಿನಲ್ಲಿ ಬೆಳಗಾವಿಗೆ ಹೋದೆವು. ಆಯಿ ತನ್ನ ಕಾಯಿಸಿ ಸೋಸಿದ ನೀರಿನ ತಂಬಿಗೆ, ಒಂದು ಡಬ್ಬಿಯಲ್ಲಿ ಚಪಾತಿ ಬ್ಯಾಳಿ ಕಟ್ಟಿಕೊಂಡಿದ್ದಳು. ರಸ್ತೆಯ ಕುಣಿಗಳಲ್ಲಿ ಬಸ್ಸು ಎತ್ತಿ ಹಾಕಿದಾಗಲೆಲ್ಲ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ನನಗೆ ಈಗ ಅರ್ಥವಾಗುತ್ತಿತ್ತು. ಇಷ್ಟು ವರ್ಷ ಅವಳು ಬಸ್ಸು ಹತ್ತಲು ಬೇಡ ಎನ್ನುತ್ತಿದ್ದುದು ಯಾಕೆಂದೂ ಅರ್ಥವಾಯಿತು. ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದೆವು. ನಿಧಾನ ಹೋಗಪ್ಪಾ ಎಂದು ಅವಳು ಹೇಳಿದರೆ ಆಟೋದವನು ಮರಾಠಿಯಲ್ಲಿ, ಆಜಿ, ಇದಕ್ಕಿಂತ ನಿಧಾನ ಹೋದರೆ ನಡೆದವರು ಮುಂದೆ ಹೋಗುತ್ತಾರೆ ಎಂದ. ಹೋಗಲಿ ಬಿಡು, ಅವರಿಗೆ ಅವಸರ ಇರಬೇಕು ಎಂದಳು ಆಯಿ.

ಡಾಕ್ಟರ್ ಬಾಯಿ ಐವತ್ತು ದಾಟಿದವರು, ಗಡಿಬಿಡಿಯವರು. ಪರದೆಯ ಹಿಂದೆ ಆಯಿಯನ್ನು ಮಲಗಿಸಿದರು. ನಾನು ಹೊರಗೆ ಹೋಗಲು ಎದ್ದೆ. ಆಯಿ ನನ್ನ ಮುಂಗೈ ಹಿಡಿದು, 'ಇಲ್ಲೇ ಇರು,' ಎಂದಳು. ಇದ್ದೆ. ಒಂದು ಕ್ಯಾಲೆಂಡರು, ಒಂದು ಸ್ಟೀಲಿನ ತಟ್ಟೆ, ಡೆಟಾಲಿನ ವಾಸನೆ. ಡಾಕ್ಟರು ಮಾತಾಡುತ್ತಲೇ ಕೆಲಸ ಮಾಡುತ್ತಿದ್ದರು, ಅರ್ಧ ಮರಾಠಿ ಅರ್ಧ ಕನ್ನಡ. ಆಯಿಯ ಉಗುರು ನನ್ನ ಕೈಯಲ್ಲಿ ಊರಿತು. ನಾನು ಕ್ಯಾಲೆಂಡರ್ ನೋಡುತ್ತಿದ್ದೆ. ಆಮೇಲೆ ಸ್ಟೂಲಿನ ಮೇಲೆ ಕೂತಿದ್ದೆ. ನಡುವೆ ಏನೂ ಇಲ್ಲ. ಡಾಕ್ಟರು ಕೈ ತೊಳೆಯುತ್ತ, ಬಳೆಯಂಥ ಒಂದು ರಬ್ಬರಿನ ಉಂಗುರ ಒಳಗೆ ಕೂರಿಸಿದ್ದೇನೆ, ಇನ್ನು ಜಾರುವುದಿಲ್ಲ, ಕೆಲವು ತಿಂಗಳು ಬಿಟ್ಟು ಬದಲಿಸಬೇಕು, ಭಾರ ಎತ್ತಬಾರದು ಎಂದು ಹೇಳುತ್ತಿದ್ದರು. ನನ್ನ ಕೈಯಲ್ಲಿ ನೀರಿನ ಲೋಟ ಇತ್ತು. ಯಾರು ಕೊಟ್ಟರೋ.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಆಯಿ ಕೈ ಆಸರೆಯ ಕಠಡಾ ಹಿಡಿಯಲಿಲ್ಲ. ಕೆಳಗೆ ನಿಂತು ಒಮ್ಮೆ ಕೂತು, ಒಮ್ಮೆ ಎದ್ದು ನೋಡಿದಳು, ಹೊಸ ಚಪ್ಪಲಿ ಹಾಕಿಕೊಂಡು ನೋಡುವವರ ಹಾಗೆ. ಇಷ್ಟೇ ಇತ್ತೇನು ಎಂದಳು. ಸಂತೋಷದಿಂದಲೋ ಸಿಟ್ಟಿನಿಂದಲೋ, ಆ ದನಿಯಲ್ಲಿ ಎರಡೂ ಇದ್ದವು.

ನನ್ನ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತ್ತು. ಬಸ್ಸಿನಲ್ಲಿ ಕೇಳಿಯೇಬಿಟ್ಟೆ. ಡಾಕ್ಟರ್ ಬೇಕಾಗಿದ್ದುದು ಇದಕ್ಕೇ ಅಲ್ಲವೇ, ಕೆಲಸ ಆಯಿತಲ್ಲ, ಇನ್ನು ಅನ್ನ ಉಣ್ಣಬಹುದಲ್ಲ ಎಂದು. ಆಯಿ ಕಿಟಕಿಯ ಹೊರಗೆ ನಾಟಿ ಮುಗಿದ ಗದ್ದೆಗಳನ್ನು ನೋಡುತ್ತಿದ್ದಳು. 'ನೇಮ ನಿನ್ನ ಸೀಟಿಗೆ ತಗೊಂಡೇನಿ, ನನ್ನ ಬ್ಯಾನಿಗೆ ಅಲ್ಲ,' ಎಂದಳು. ಮತ್ತೆ ನನ್ನ ಕಡೆ ತಿರುಗಿ, 'ಪದ್ದಿ, ಖರೇ ಹೇಳು. ನಿನಗ ಆಗಬೇಕೈತೇನು ಡಾಕ್ಟರ್?' ಎಂದು ಕೇಳಿದಳು.

ಎರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಏನು ಉತ್ತರ ಕೊಟ್ಟೆ? ಒಂದು ಕಾಲಕ್ಕೆ ಇದನ್ನು ಗೆಳತಿಯರಿಗೆ ಹೇಳುವಾಗ, 'ಇಲ್ಲ' ಎಂದೆ ಎಂದು ಹೇಳುತ್ತಿದ್ದೆ. ಕೇಳಿದವರಿಗೆ ಅದು ಹಿಡಿಸುತ್ತಿತ್ತು. ನಾನು ಏನೂ ಹೇಳಲಿಲ್ಲ ಎಂದೇ ಈಗ ನನಗೆ ಅನಿಸುತ್ತದೆ. ಇಲ್ಲ ಎಂದರೆ ಅವಳ ಅನ್ನ ಹೋಗುತ್ತದೆ, ಹೌದು ಎಂದರೆ ನಾನು ಕ್ಲಾಸಿನ ಕಾಕಾನ ಬೆಂಚಿನಲ್ಲಿ ಉಳಿಯುತ್ತೇನೆ. ಹತ್ತೊಂಬತ್ತು ವರ್ಷದ ಹುಡುಗಿ ಇನ್ನೇನು ಹೇಳಿಯಾಳು. ಕಂಡಕ್ಟರು ಬಂದ. ಆಯಿ ಡಬ್ಬಿ ತೆಗೆದು, ಹೊತ್ತು ಮುಳುಗುವುದರೊಳಗೆ ಎಂದು, ನೆನೆದ ಚಪಾತಿ ತಿಂದಳು. ಆ ಊಟವನ್ನಂತೂ ನಾನು ನೋಡಿದ್ದೇನೆ. ಬಸ್ಸು ಅಲುಗಾಡಿ ಬ್ಯಾಳಿ ಅವಳ ಸೀರೆಯ ಮೇಲೆ ಚೆಲ್ಲಿತ್ತು.

ಮನೆ ಮುಟ್ಟಿದ ಮೇಲೆ ನಾನು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋಗಿದ್ದೆ. ಒಳಗೆ ಬರುವಷ್ಟರಲ್ಲಿ ಎಲ್ಲರೂ ನಗುತ್ತಿದ್ದರು. ಆಯಿ ಮಣೆಯ ಮೇಲೆ ಆರಾಮಾಗಿ ಚಕ್ಕಳಮಕ್ಕಳ ಹಾಕಿ ಕೂತು ಕತೆ ಹೇಳುತ್ತಿದ್ದಳು. ಡಾಕ್ಟರ್ ಬಾಯಿ ಕೈಗವಸು ಹಾಕಿಕೊಂಡದ್ದೇ ತಡ, ನಾನು ಕಣ್ಣು ಮೇಲೆ ಮಾಡಿ ಧೊಪ್ಪೆಂದು ಬಿದ್ದೆನಂತೆ. ಡಾಕ್ಟರು ಆಯಿಯನ್ನು ಬಿಟ್ಟು ನನ್ನ ಮುಖಕ್ಕೆ ನೀರು ಹೊಡೆದರಂತೆ. ಆಯಿ ಮೇಜಿನ ಮೇಲೆ ಹಾಗೇ ಕಾಯುತ್ತ ಮಲಗಿದ್ದಳಂತೆ.

'ಇಕಿ ಡಾಕ್ಟರ್ ಆದ್ರ ಪೇಷಂಟಿಗೆ ಮಲಗಾಕ ಒಂದ ಕಾಟ್, ಇಕಿಗೊಂದ ಕಾಟ್ ಹಾಕಬೇಕಾಗ್ತೈತಿ,' ಎಂದಳು ಆಯಿ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಯಿ ನಗು ನಿಲ್ಲುವವರೆಗೆ ಕಾಯ್ದು ಅಪ್ಪನ ಕಡೆ ತಿರುಗಿದಳು. 'ಬ್ಯಾಡೋ. ಕೈಗವಸ ನೋಡಿದ್ರ ಬೀಳೂ ಹುಡುಗಿನ್ನ ಎಷ್ಟ ಸಲ ಪರೀಕ್ಷಾಕ್ಕ ಕುಂದ್ರಸ್ತಿ? ಬ್ಯಾರೆ ಏನರ ಕಲೀಲಿ.'

ಅಪ್ಪ ನನ್ನ ಕಡೆ ನೋಡಿದರು. ಎಷ್ಟೋ ತಿಂಗಳ ಮೇಲೆ ಅವರ ಕಣ್ಣು ಮಣೆಯ ಕಡೆ ಹೋಗದೆ ನನ್ನ ಮೇಲೆಯೇ ನಿಂತಿತು. ಮುಂದಿನ ವಾರ ಬಿಎಸ್ಸಿ ಪ್ರವೇಶದ ಕೊನೆಯ ದಿನಗಳಲ್ಲಿ ಅವರೇ ಬಂದು ಸೇರಿಸಿ ಹೋದರು. ಕ್ಲಾಸಿನ ಹಿಂದಿನ ಬೆಂಚಿಗೆ ಹೇಳಿಬರಲು ಹೋದಾಗ ಕಾಕಾ ಕೈ ಕುಲುಕಿದ, ತನ್ನ ಪೆನ್ನು ಕೊಟ್ಟ.

ನಾನು ಬಿದ್ದದ್ದು ನನಗೆ ನೆನಪಿಲ್ಲ. ಕ್ಯಾಲೆಂಡರು ನೆನಪಿದೆ, ಸ್ಟೂಲು ನೆನಪಿದೆ, ನಡುವೆ ಖಾಲಿ. ಎಚ್ಚರ ತಪ್ಪಿದವರಿಗೆ ನೆನಪಿರುವುದಿಲ್ಲ ಎಂಬುದೂ ನಿಜ. ಆದರೆ ತಲೆಗೆ ಪೆಟ್ಟಾಗಿರಲಿಲ್ಲ, ಬಟ್ಟೆ ಒದ್ದೆಯಾಗಿದ್ದು ಮಳೆಗೂ ಇರಬಹುದು. ಸುಜಾತಾಗೆ ನಾನು ಬಿದ್ದದ್ದರಲ್ಲಿ ಒಂದಿಷ್ಟೂ ಅನುಮಾನ ಇಲ್ಲ, ಆದರೆ ಅವಳು ಅಲ್ಲಿರಲಿಲ್ಲ. ಅವಳಿಗೆ ಹೇಳಿದ್ದು ಆಯಿ. ಒಂದೋ ನಾನು ಬಿದ್ದಿದ್ದೆ, ಇಲ್ಲವೋ ಆಯಿ ಸುಳ್ಳು ಹೇಳಿದ್ದಳು. ಒಂದು ಕಾಳು ಹಲ್ಲಿಗೆ ಮುಟ್ಟಿಸದವಳು, ಕುಡಿಯುವ ನೀರು ಸೋಸದೆ ಬಾಯಿಗೆ ಇಡದವಳು, ಅಪ್ಪ, ಅವ್ವ ಎಲ್ಲರ ಮುಂದೆ ಸುಳ್ಳು ಹೇಳುವುದು, ಅದೂ ತನ್ನ ಅನ್ನದ ದಾರಿ ಕಾಯಂ ಮುಚ್ಚಿಹೋಗುವಂಥ ಸುಳ್ಳು! ಆಗ ಅದು ನನ್ನ ಯೋಚನೆಗೇ ಬರಲಿಲ್ಲ. ಬಿದ್ದಿರಬೇಕು ಎಂದುಕೊಂಡೆ, ನಾಚಿಕೆಪಟ್ಟೆ, ಒಳಗೊಳಗೇ ಉಸಿರುಬಿಟ್ಟೆ.

ಕಾರ್ತೀಕದಲ್ಲಿ ಹೊಸ ಭತ್ತ ಬಂತು. ರಜೆಗೆ ನಾನು ಊರಲ್ಲಿದ್ದೆ. ಆಯಿ ಮಣೆಯ ಮೇಲೆ ಕೂತು ಕಾಳು ಬಿಡಿಸಿ ನನ್ನ ಕೈಗೆ ಹಾಕಿದಳು, ಗಲ್ಲಕ್ಕೆ ಕಿವಿ ಹಚ್ಚಿದಳು, ನಾನು ಕಡಿದೆ. ಮುಂದೆಯೂ ಅವಳು ಇರುವವರೆಗೆ ಅದು ಹಾಗೇ ನಡೆಯಿತು. ಒಂದೊಂದು ಸಲ ನಾನು ಕಾಲೇಜಿನ ಮಾತು ಹೇಳುತ್ತ ಕಡಿಯಲು ಮರೆತರೆ ಗಲ್ಲಕ್ಕೆ ತಿವಿಯುತ್ತಿದ್ದಳು.

ಹೊಸ ಅಕ್ಕಿಯ ಮೊದಲ ಅನ್ನ ಮಾಡಿದ ದಿನ ಮನೆಯಲ್ಲೆಲ್ಲ ಅದರದೇ ವಾಸನೆ. ಇನ್ನೂ ಬಿಸಿಲಿತ್ತು, ಆಯಿ ನಮ್ಮ ಜೊತೆ ಪಂಕ್ತಿಯಲ್ಲೇ ಕೂತಿದ್ದಳು, ಮುಂದೆ ಅವಳ ಬಟ್ಟಲು. ಅವ್ವ ನನ್ನ ತಾಟಿಗೆ ಅನ್ನ ಬಡಿಸಿ ತುಪ್ಪ ಹಾಕಿದಳು. ಹಬೆ ಆಯಿಯ ಮುಖದ ಕಡೆ ಹೋಯಿತು. ನಾನು ತಾಟನ್ನು ಸ್ವಲ್ಪ ಈ ಕಡೆ ಸರಿಸಿದೆ. ಅವಳು ಅದನ್ನು ನೋಡಿದಳು.

'ಹ್ಯಾಂಗಾಗೇತಿ?' ಎಂದು ಕೇಳಿದಳು.

ಅಷ್ಟು ಒಳ್ಳೆಯ ಅನ್ನವನ್ನು ನಾನು ಮೊದಲು ಉಂಡಿರಲಿಲ್ಲ, ಆಮೇಲೂ ಉಂಡಿಲ್ಲ. ತುತ್ತು ಬಾಯಲ್ಲಿತ್ತು. 'ಹಿಂದಿನ ಸಲದಷ್ಟ ಇಲ್ಲ ಆಯಿ. ಈ ವರ್ಷದ್ದು ಅಷ್ಟಕ್ಕಷ್ಟ,' ಎಂದೆ.

ಆಯಿ ಚಪಾತಿಯ ಚೂರನ್ನು ಬ್ಯಾಳಿಯಲ್ಲಿ ಅದ್ದಿ, ನೆನೆಯಲೆಂದು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಅವಳ ನಾಲ್ಕು ಹಲ್ಲೂ ಕಂಡವು.

'ಸುಮ್ನ ಉಣ್ಣು,' ಎಂದಳು. 'ಸುಳ್ಳ ಹೇಳಾಕ ನಿನಗ ಬರಂಗಿಲ್ಲ.'